ಇಪ್ಪತ್ತೆಂಟೂವರೆ ಮಿಲಿಮೀಟರ್

‘ಕರ್ನಾಟಕ ಕವಿಚರಿತೆ’ಯ ಕರ್ತೃಗಳೆಂದೇ ಕನ್ನಡಿಗರಿಗೆ ಹೆಚ್ಚು ಪರಿಚಿತರಾದ ಆರ್. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ, 1917ರಲ್ಲಿ, ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತು ಛಾಯಾಚಿತ್ರಗಳ ಸಹಿತ ಒಂದು ಗ್ರಂಥವನ್ನು ಹೊರತಂದರು. ಆ ಕಾಲದಲ್ಲಿ ಇಂಥ ಕೆಲಸಕ್ಕೆ ಒದಗುತ್ತಿದ್ದ ಕ್ಯಾಮೆರಾ ಎಂದರೆ ಮುಕ್ಕಾಲಿಯ ಮೇಲೆ ನಿಲ್ಲುವ ಒಂದು ಮರದ ಚೌಕಟ್ಟು, ಹಿಂದೆ ಗಾಜಿನ ಫಲಕ, ಮುಂದೆ ಲೆನ್ಸ್, ಎರಡರ ನಡುವೆ ಎಳೆದರೆ ಹಿಗ್ಗುವ ಒತ್ತಿದರೆ ಕುಗ್ಗುವ ಚರ್ಮದ ತಿದಿ. ಲೆನ್ಸನ್ನು ಅಂಗೈಯಗಲದ ಹಲಗೆಯೊಂದಕ್ಕೆ ಕೂರಿಸಿ, ಆ ಹಲಗೆಯನ್ನು ಚೌಕಟ್ಟಿನ ಮುಂಭಾಗಕ್ಕೆ ಸಿಕ್ಕಿಸುವ ಏರ್ಪಾಡು ಇದ್ದುದರಿಂದ, ಲಂಡನ್ನಿನ ಲೆನ್ಸ್ ಹೋಗಿ ಜರ್ಮನಿಯ ಲೆನ್ಸ್ ಬಂದರೂ ತೊಂದರೆಯೇನೂ ಇರಲಿಲ್ಲ. ಬಡಗಿಯೊಬ್ಬ ಅದೇ ಅಳತೆಯ ಇನ್ನೊಂದು ಹಲಗೆಯಲ್ಲಿ ಬೇರೆ ಅಗಲದ ತೂತು ಕೊರೆದುಕೊಟ್ಟರೆ ಉಳಿದ ಹೆಚ್ಚುಕಡಿಮೆಯನ್ನು ತಿದಿಯೇ ನೋಡಿಕೊಳ್ಳುತ್ತಿತ್ತು. ಒಂದು ಕಂಪನಿಯ ಲೆನ್ಸನ್ನು ಇನ್ನೊಂದು ಕಂಪನಿಯ ಕ್ಯಾಮೆರಾಕ್ಕೆ ಹಾಕಬಹುದೇ ಎಂಬ ಪ್ರಶ್ನೆ ಇಂದು ಮದುವೆ ಫೋಟೋ ತೆಗೆಯುವ ಹುಡುಗರಿಂದ ಹಿಡಿದು ಹಕ್ಕಿಗಳ ಬೆನ್ನು ಬಿದ್ದ ನಿವೃತ್ತ ಮೇಷ್ಟರವರೆಗೆ ಎಲ್ಲರನ್ನೂ ಕಾಡುತ್ತದೆಯಷ್ಟೆ. ಅಂದು ಅದು ಬಡಗಿಯ ಅರ್ಧ ದಿನದ ಕೂಲಿಯಲ್ಲಿ ಮುಗಿಯುವ ವಿಷಯವಾಗಿತ್ತು.

ತಿದಿ ಹೋಗಿ ಲೋಹದ ಡಬ್ಬಿ ಬಂದಮೇಲೆ ಈ ಸಲಿಗೆ ತಪ್ಪಿತು. ಡಬ್ಬಿಯ ಬಾಯಿಯಲ್ಲಿ ಲೆನ್ಸ್ ಕೂರುವ ಲೋಹದ ಬಳೆಗೆ ಮೌಂಟ್ ಎಂದು ಹೆಸರು. ಆ ಬಳೆಯ ಮುಖದಿಂದ ಹಿಂದಿರುವ ಫಿಲ್ಮಿನವರೆಗಿನ, ಈಗಿನ ಕ್ಯಾಮೆರಾಗಳಲ್ಲಾದರೆ ಸೆನ್ಸರಿನವರೆಗಿನ, ಬದಲಾಗದ ಅಂತರವನ್ನು ಫ್ಲ್ಯಾಂಜ್ ದೂರ ಎನ್ನುತ್ತಾರೆ. ಪ್ರತಿಯೊಂದು ಲೆನ್ಸೂ ಒಂದು ಗೊತ್ತಾದ ಫ್ಲ್ಯಾಂಜ್ ದೂರವನ್ನು ಲೆಕ್ಕಕ್ಕೆ ಹಿಡಿದೇ ತಯಾರಾಗುವುದರಿಂದ, ಬಳೆಯ ಆಕಾರ ಹೇಗೋ ಹೊಂದಿದರೂ ಈ ದೂರ ಹೊಂದದಿದ್ದರೆ ಬಿಂಬವು ಸೆನ್ಸರಿನ ಮೇಲೆ ಮೂಡದೆ ಅದರ ಹಿಂದೆಯೋ ಮುಂದೆಯೋ ಮೂಡಿ ಚಿತ್ರ ಮಂಜಾಗುತ್ತದೆ. ನಿಕಾನ್ ಕಂಪನಿ 1959ರಲ್ಲಿ ತಂದ ಎಫ್ ಮೌಂಟಿನಲ್ಲಿ ಈ ದೂರ 46.5 ಮಿಲಿಮೀಟರ್, ಪೆಂಟಾಕ್ಸ್, ಪ್ರಾಕ್ಟಿಕಾ, ಜೆನಿಟ್ ಮೊದಲಾದವು ಬಳಸಿದ ಎಂ42 ಎಂಬ ತಿರುಪಿನ ಮೌಂಟಿನಲ್ಲಿ 45.46, ಒಲಿಂಪಸ್ ಓಎಂನಲ್ಲಿ 46, ಮಿನೋಲ್ಟಾದ ಹಳೆಯ ಕ್ಯಾಮೆರಾಗಳಲ್ಲಿ 43.5; ಕ್ಯಾನನ್‌ನ ಎಫ್‌ಡಿಯಲ್ಲಿ 42. ಎಲ್ಲವೂ ನಲವತ್ತರ ಮೇಲೆಯೇ ಇರುವುದಕ್ಕೆ ಕಾರಣ, ದೃಶ್ಯವನ್ನು ಕಣ್ಣಿಗೆ ತೋರಿಸಲೆಂದು ಲೆನ್ಸಿಗೂ ಫಿಲ್ಮಿಗೂ ನಡುವೆ ಏಳುತ್ತ ಬೀಳುತ್ತ ಇರಬೇಕಾದ ಕನ್ನಡಿ. ಒಂದಕ್ಕೊಂದು ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ಬೇರೆಯಾಗಿರುವುದಕ್ಕೆ ಮಾತ್ರ ಕಂಪನಿಗಳ ಸ್ವಂತ ಲೆಕ್ಕಾಚಾರವಲ್ಲದೆ ಪ್ರಕೃತಿನಿಯಮವೇನೂ ಕಾರಣವಲ್ಲ. 1987ರಲ್ಲಿ ಕ್ಯಾನನ್ ತನ್ನದೇ ಎಫ್‌ಡಿಯನ್ನು ಕೈಬಿಟ್ಟು 44 ಮಿಲಿಮೀಟರಿನ ಇಎಫ್ ಮೌಂಟನ್ನು ತಂದಾಗ, ಹಳೆಯ ಗಿರಾಕಿಗಳ ಲೆನ್ಸುಗಳು ಒಂದೇ ಮನೆತನದೊಳಗೇ ಅನಾಥವಾದವು.

ಕಬಿನಿ ನಾಲೆಯ ಕೆಳಗಿನ ಊರುಗಳಲ್ಲಿ ಮೂರಂಗುಲದ ಪೈಪಿಗೆ ಎರಡೂವರೆ ಅಂಗುಲದ ಪೈಪನ್ನು ಜೋಡಿಸಬೇಕಾದ ರೈತ ಅಂಗಡಿಗೆ ಹೋಗಿ ರೆಡ್ಯೂಸರ್ ಕೇಳಿ ತರುವಂತೆಯೇ, ಒಂದು ಮೌಂಟಿಗೆ ಇನ್ನೊಂದು ಮೌಂಟಿನ ಲೆನ್ಸನ್ನು ಸೇರಿಸಲು ಅಡಾಪ್ಟರ್ ಎಂಬ ಬಳೆ ಸಿಗುತ್ತದೆ. ಸ್ಟುಡಿಯೋ ಹುಡುಗರ ಮಾತಿನಲ್ಲಿ ಅದು ಬರೀ ರಿಂಗು. ಆದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ರೆಡ್ಯೂಸರ್ ಗೇಣುದ್ದವಿದ್ದರೂ ಮೊಳದುದ್ದವಿದ್ದರೂ ನೀರು ಗದ್ದೆಗೆ ಹರಿಯುತ್ತದೆ, ಅಡಾಪ್ಟರಿನ ದಪ್ಪ ಮಾತ್ರ ಎರಡು ಫ್ಲ್ಯಾಂಜ್ ದೂರಗಳ ವ್ಯತ್ಯಾಸಕ್ಕೆ ಕೂದಲೆಳೆಯಷ್ಟೂ ತಪ್ಪದೆ ಸಮನಾಗಿರಬೇಕು. ನಿಕಾನ್ ಲೆನ್ಸನ್ನು ಕ್ಯಾನನ್ ಇಎಫ್ ಕ್ಯಾಮೆರಾಕ್ಕೆ ಹಾಕಲು 46.5ರಲ್ಲಿ 44 ಕಳೆದು ಉಳಿಯುವ ಎರಡೂವರೆ ಮಿಲಿಮೀಟರಿನ ಬಳೆ ಬೇಕು, ಅದಕ್ಕೆ ಜಾಗವಿದೆ. ತಿರುಗುಮುರುಗಾಗಿ ಕ್ಯಾನನ್ ಲೆನ್ಸನ್ನು ನಿಕಾನಿಗೆ ಹಾಕಹೊರಟರೆ ಬೇಕಾಗುವ ಬಳೆಯ ದಪ್ಪ ಸೊನ್ನೆಗಿಂತ ಕಡಿಮೆ, ಅಂಥ ಬಳೆಯನ್ನು ಯಾವ ಲೇತ್‌ನಲ್ಲೂ ಕಡೆಯಲಾಗದು. ಉದ್ದನೆಯ ದೂರಕ್ಕೆ ಮಾಡಿದ ಲೆನ್ಸ್ ಗಿಡ್ಡ ದೂರದ ಕ್ಯಾಮೆರಾಕ್ಕೆ ಹೋದೀತು, ಗಿಡ್ಡ ದೂರದ್ದು ಉದ್ದನೆಯದಕ್ಕೆ ಹೋಗದು. ಈ ಶಾಸ್ತ್ರದ ಮೊದಲ ಸೂತ್ರವೂ ಇದೇ, ಅರ್ಧಕ್ಕಿಂತ ಹೆಚ್ಚು ಭಾಗವೂ ಇದೇ.

ಸೂತ್ರ ಮುರಿದರೆ ಏನಾಗುತ್ತದೆ ಎಂಬುದನ್ನು ತಿ. ನರಸೀಪುರ, ನಂಜನಗೂಡು ತಾಲ್ಲೂಕುಗಳಷ್ಟು ಸ್ಪಷ್ಟವಾಗಿ ತೋರಿಸುವ ಜಾಗಗಳು ಕಡಿಮೆ. ಎಂ42 ಲೆನ್ಸಿನ ದೂರ ನಿಕಾನ್‌ನದಕ್ಕಿಂತ 1.04 ಮಿಲಿಮೀಟರ್ ಗಿಡ್ಡ. ಹಾಗಿದ್ದೂ ಹಟ ಹಿಡಿದು ತೆಳುವಾದ ಬಳೆಯ ಮೂಲಕ ಅದನ್ನು ನಿಕಾನಿಗೆ ಕೂರಿಸಿದರೆ ಲೆನ್ಸ್ ಕನಿಷ್ಠ ಅಷ್ಟು ಮುಂದಕ್ಕೆ ನಿಲ್ಲುತ್ತದೆ, ಮುಂದಕ್ಕೆ ನಿಂತ ಲೆನ್ಸಿಗೆ ದೂರದೃಷ್ಟಿ ಹೋಗುತ್ತದೆ. 50 ಮಿಲಿಮೀಟರ್ ಲೆನ್ಸಾದರೆ ಸುಮಾರು 2.4 ಮೀಟರಿನಾಚೆಗೆ ಯಾವುದೂ ಚೂಪಾಗಿ ಕಾಣದು, 135 ಮಿಲಿಮೀಟರಿನದಾದರೆ ಸುಮಾರು ಹದಿನೇಳೂವರೆ ಮೀಟರಿನಾಚೆಗೆ. ಇಂಥ ಕ್ಯಾಮೆರಾ ಹಿಡಿದು ಸೋಮನಾಥಪುರದ ಜಗತಿಯ ಮೇಲೆ, ಅಂದರೆ ದೇವಾಲಯವನ್ನು ಎತ್ತಿ ನಿಲ್ಲಿಸಿರುವ ನಕ್ಷತ್ರಾಕಾರದ ಕಟ್ಟೆಯ ಮೇಲೆ, ಪ್ರದಕ್ಷಿಣೆ ಬರುವವನಿಗೆ ಯಾವ ಕೊರತೆಯೂ ಗೊತ್ತಾಗದು. ಆನೆಯ ಸಾಲು, ಕುದುರೆಯ ಸಾಲು, ಬಳ್ಳಿಯ ಸುರುಳಿ, ಪುರಾಣಕಥೆಗಳ ಪಟ್ಟಿಕೆ, ಮಕರ, ಹಂಸ ಎಲ್ಲವೂ ಎರಡು ಮೀಟರಿನೊಳಗೇ ಇರುವುದರಿಂದ, ಬಳಪದ ಕಲ್ಲಿನಲ್ಲಿ ಮಲ್ಲಿತಮ್ಮನು ತನ್ನ ಹೆಸರನ್ನು ಕೊರೆದಿರುವ ಅಕ್ಷರಗಳೂ ಸೇರಿ ಸಕಲವೂ ಸ್ಪಷ್ಟ. ಅದೇ ಕ್ಯಾಮೆರಾವನ್ನು ನಂಜನಗೂಡಿಗೆ ತಂದು, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವರಾಜಮ್ಮಣ್ಣಿಯವರು 1845ರಲ್ಲಿ ಕಟ್ಟಿಸಿದ, 120 ಅಡಿ ಎತ್ತರದ ರಾಜಗೋಪುರದತ್ತ ಎತ್ತಿದರೆ ಕಳಶಗಳು ಬೂದಿಬಣ್ಣದ ಮುದ್ದೆಗಳಾಗುತ್ತವೆ. ರಿಂಗಿನೊಳಗೆ ಪುಟ್ಟ ಗಾಜೊಂದನ್ನು ಕೂರಿಸಿ ಈ ದೋಷವನ್ನು ಸರಿಪಡಿಸುವ ಅಡಾಪ್ಟರುಗಳೂ ಮಾರಾಟಕ್ಕಿವೆ. ಒಳ್ಳೆಯ ಲೆನ್ಸಿನ ಹಿಂದೆ ಕಳಪೆ ಗಾಜು ಸೇರಿಸಿ ಒಟ್ಟು ಚಿತ್ರವನ್ನು ಕಳಪೆ ಮಾಡಿಕೊಳ್ಳಬಯಸುವವರು ಅವನ್ನು ಕೊಳ್ಳಬಹುದು.

ಕನ್ನಡಿಯನ್ನೇ ಕಿತ್ತುಹಾಕಿದಾಗ ಕಥೆ ಬದಲಾಯಿತು. 2008ರಲ್ಲಿ ಪ್ಯಾನಸಾನಿಕ್ ಮತ್ತು ಒಲಿಂಪಸ್ ಸೇರಿ ತಂದ ಮೈಕ್ರೋ ಫೋರ್ ಥರ್ಡ್ಸ್ ವ್ಯವಸ್ಥೆಯಲ್ಲಿ ಫ್ಲ್ಯಾಂಜ್ ದೂರ 19.25 ಮಿಲಿಮೀಟರಿಗೆ ಇಳಿಯಿತು. 2010ರ ಸೋನಿ ಇ ಮೌಂಟಿನಲ್ಲಿ 18, 2012ರ ಫ್ಯೂಜಿ ಎಕ್ಸ್‌ನಲ್ಲಿ 17.7, 2018ರಲ್ಲಿ ಬಂದ ಕ್ಯಾನನ್ ಆರ್‌ಎಫ್‌ನಲ್ಲಿ 20, ಅದೇ ವರ್ಷದ ನಿಕಾನ್ ಝಡ್‌ನಲ್ಲಿ 16. ಮಿರರ್‌ಲೆಸ್ ಎಂದು ಕರೆಯಲಾಗುವ ಈ ಕ್ಯಾಮೆರಾಗಳು ಬಂದಾಗ ಅಂಗಡಿಯವರು ಅವುಗಳ ಹಗುರವನ್ನೂ ಮೌನವನ್ನೂ ಹೊಗಳಿದರು. ಆದರೆ ಹಳೆಯ ಲೆನ್ಸ್ ಇಟ್ಟುಕೊಂಡವರಿಗೆ ಅವು ಕೊಟ್ಟ ನಿಜವಾದ ಉಡುಗೊರೆ ಖಾಲಿ ಜಾಗ. ನಿಕಾನ್ ಎಫ್ ಲೆನ್ಸನ್ನು ಸೋನಿಗೆ ಹಾಕಲು ಬೇಕಾದ ಬಳೆಯ ದಪ್ಪ ಈಗ ಇಪ್ಪತ್ತೆಂಟೂವರೆ ಮಿಲಿಮೀಟರ್. ಅದರೊಳಗೆ ಗಾಜಿಲ್ಲ, ತಂತಿಯಿಲ್ಲ, ಎರಡು ತುದಿಗಳಲ್ಲಿ ಎರಡು ಮೌಂಟುಗಳ ಆಕಾರ ಪಡೆದ ಕಪ್ಪು ಕೊಳವೆಯ ತುಂಡಷ್ಟೆ. ಹಾಗಾಗಿಯೇ ಅದು ಅಗ್ಗ, ಹಾಗಾಗಿಯೇ ಅದು ಚಿತ್ರಕ್ಕೆ ಏನನ್ನೂ ಕೂಡಿಸುವುದಿಲ್ಲ, ಏನನ್ನೂ ಕಳೆಯುವುದಿಲ್ಲ.

ಈ ಕೊಳವೆಯ ತುಂಡು ಅಲ್ಮೆರಾಗಳಿಂದ ಹೊರತಂದ ಸರಕು ಕಡಿಮೆಯದಲ್ಲ. ಆಮದಿನ ಮೇಲೆ ಬಿಗಿ ನಿರ್ಬಂಧವಿದ್ದ ದಶಕಗಳಲ್ಲಿ ಒಳ್ಳೆಯ ಜಪಾನಿ ಕ್ಯಾಮೆರಾ ಎಂಬುದು ವಿದೇಶದಿಂದ ಬರುವ ನೆಂಟರ ಪೆಟ್ಟಿಗೆಯನ್ನೇ ನಂಬಿಕೊಂಡಿತ್ತು. ಸೋವಿಯತ್ ಒಕ್ಕೂಟ ಮತ್ತು ಪೂರ್ವ ಜರ್ಮನಿಯೊಂದಿಗೆ ರೂಪಾಯಿ ಲೆಕ್ಕದಲ್ಲಿ ನಡೆಯುತ್ತಿದ್ದ ವ್ಯಾಪಾರದಿಂದಾಗಿ ಜೆನಿಟ್, ಪ್ರಾಕ್ಟಿಕಾಗಳು ಅದಕ್ಕಿಂತ ಸುಲಭವಾಗಿ ಕೈಗೆ ಬರುತ್ತಿದ್ದವು. ಫಿಲ್ಮಿಗಾದರೆ 1967ರಿಂದ ಉತ್ಪಾದನೆ ಆರಂಭಿಸಿದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಇತ್ತು. ಊಟಿಯಿಂದ ಮೈಸೂರಿಗೆ ಬರುವ ರಸ್ತೆ ನಂಜನಗೂಡನ್ನು ಹಾದೇ ಬರಬೇಕು. ಆ ಕಾರ್ಖಾನೆ ಮುಚ್ಚಿತು, ರೋಲು ತೊಳೆಯುವ ಕತ್ತಲೆ ಕೋಣೆಗಳು ಜೆರಾಕ್ಸ್ ಅಂಗಡಿಗಳಾದವು, ಶಟರಿನ ಸ್ಪ್ರಿಂಗ್ ಸಡಿಲಗೊಂಡ ಬಾಡಿಗಳು ಗುಜರಿಗೆ ಹೋದವು. ಲೆನ್ಸುಗಳಿಗೆ ಮಾತ್ರ ಮುಪ್ಪು ಅಷ್ಟು ಬೇಗ ಬರುವುದಿಲ್ಲ. ಬಂದರೂ ಅದು ಹೆಚ್ಚಾಗಿ ಫಂಗಸ್ಸಿನ ರೂಪದಲ್ಲಿ, ಭತ್ತದ ಗದ್ದೆಗಳ ತೇವದಲ್ಲಿ ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಮುಚ್ಚಿಟ್ಟ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳಾಗಿ ಹಬ್ಬುತ್ತದೆ. ಕೆಲವು ಹಳೆಯ ಲೆನ್ಸುಗಳ, ಉದಾಹರಣೆಗೆ ಪೆಂಟಾಕ್ಸ್‌ನ ಏಳು ಗಾಜಿನ ಸೂಪರ್ ಟಾಕುಮಾರ್ 50 ಮಿಲಿಮೀಟರ್ ಲೆನ್ಸಿನ, ಕಾಯಿಲೆ ಬೇರೆ ಬಗೆಯದು: ಗಾಜಿಗೆ ಬೆರೆಸಿದ ಥೋರಿಯಂನಿಂದಾಗಿ ಅದು ಕಾಲಕ್ರಮೇಣ ಹಳದಿಯಾಗುತ್ತದೆ, ಕೆಲವು ವಾರ ಬಿಸಿಲು ಕಾಣಿಸಿದರೆ ಮತ್ತೆ ಬಹುಮಟ್ಟಿಗೆ ತಿಳಿಯಾಗುತ್ತದೆ. ಹಪ್ಪಳ ಒಣಗಿಸುವ ತಾರಸಿಗಳಿರುವ ಊರುಗಳಲ್ಲಿ ಈ ಚಿಕಿತ್ಸೆ ಕಷ್ಟವೇನಲ್ಲ.

ಹಳೆಯ ಸೋವಿಯತ್ ಲೆನ್ಸುಗಳಲ್ಲಿ ಹೀಲಿಯೋಸ್ 44-2ಕ್ಕೆ ಇರುವ ಖ್ಯಾತಿ ಸ್ವಲ್ಪ ಅತಿಯಾದುದು. ಜರ್ಮನಿಯ ಬಯೋಟಾರ್ ಲೆನ್ಸಿನ ವಿನ್ಯಾಸವನ್ನು ಅನುಸರಿಸಿದ ಈ 58 ಮಿಲಿಮೀಟರ್ ಲೆನ್ಸಿನಲ್ಲಿ, ಚಿತ್ರದ ಅಂಚಿನತ್ತ ಹೋದಂತೆ ಬೆಳಕಿನ ವೃತ್ತಗಳು ಎರಡೂ ಬದಿ ಕತ್ತರಿಸಿಕೊಂಡು ಬೆಕ್ಕಿನ ಕಣ್ಣಿನಾಕಾರ ತಾಳುವುದರಿಂದ, ಎಲೆಗಳ ಹಿನ್ನೆಲೆಯಿದ್ದರೆ ಅದು ವ್ಯಕ್ತಿಯ ಸುತ್ತ ಸುಳಿಯಂತೆ ತಿರುಗಿ ಕಾಣುತ್ತದೆ. ತಿರುಮಕೂಡಲಿನಲ್ಲಿ ಕಾವೇರಿ ಕಪಿಲೆಯರು ಕೂಡುವಲ್ಲಿ ನವದಂಪತಿಗಳನ್ನು ಮರದಡಿ ನಿಲ್ಲಿಸಿ ಈ ಸುಳಿಯನ್ನು ತೆಗೆಸುವುದು ಈಗ ಒಂದು ರೂಢಿ. ತಯಾರಕರು ಮುಚ್ಚಿಡಲು ಹೆಣಗಿದ ದೋಷವನ್ನು ಮೊಮ್ಮಕ್ಕಳು ಹಣ ಕೊಟ್ಟು ಕೊಳ್ಳುತ್ತಾರೆ. ಹತ್ತಿರದ ತಲಕಾಡಿಗೆ ಹೋದರೆ ಮಾತ್ರ ಎಚ್ಚರ ಬೇಕು. ಒಂದೇ ಕಂಪನಿಯ ಬಾಡಿ ಮತ್ತು ಲೆನ್ಸಿನ ನಡುವೆ ಸಂದು ಒಂದಿದ್ದರೆ ಅಡಾಪ್ಟರ್ ಸೇರಿದಾಗ ಅದು ಎರಡಾಗುತ್ತದೆ, ಅಲ್ಲಿಯ ಮರಳಿನ ಕಣಕ್ಕೆ ಅಷ್ಟು ದಾರಿ ಧಾರಾಳ.

ಗಾಜಿಗೆ ಇರುವ ಈ ಸ್ವಾತಂತ್ರ್ಯ ವಿದ್ಯುತ್ತಿಗೆ ಇಲ್ಲ. ಹಳೆಯ ಲೆನ್ಸಿನಲ್ಲಿ ಫೋಕಸ್ ಮಾಡುವ ಬಳೆಯೂ, ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಬಳೆಯೂ ಕೈಯಿಂದಲೇ ತಿರುಗುತ್ತಿದ್ದವು. ಕ್ಯಾನನ್‌ನ ಇಎಫ್ ಲೆನ್ಸುಗಳಲ್ಲಿ ಅಪರ್ಚರ್ ಬಳೆಯೇ ಇಲ್ಲ. ಬಾಡಿಯಿಂದ ವಿದ್ಯುತ್ ಸಂಕೇತ ಬರದಿದ್ದರೆ ಕಿಂಡಿ ಪೂರ್ತಿ ತೆರೆದೇ ಇರುತ್ತದೆ. ಕ್ಯಾನನ್ ಬಾಡಿಯಲ್ಲೇ ಕಿಂಡಿಯನ್ನು ಬೇಕಾದ ಅಳತೆಗೆ ಇಳಿಸಿ, ಮುನ್ನೋಟದ ಗುಂಡಿಯನ್ನು ಒತ್ತಿಹಿಡಿದು, ಆ ಸ್ಥಿತಿಯಲ್ಲೇ ಲೆನ್ಸನ್ನು ಬಿಚ್ಚಿ ಬೇರೆ ಬಾಡಿಗೆ ಹಾಕುವ ಉಪಾಯವೊಂದುಂಟು, ಆದರೆ ಪ್ರತಿ ಬದಲಾವಣೆಗೂ ಇನ್ನೊಂದು ಕ್ಯಾಮೆರಾ ಬೇಕಾಗುವ ಉಪಾಯವನ್ನು ಉಪಾಯವೆನ್ನುವುದು ಕಷ್ಟ. ಎರಡು ಕಂಪನಿಗಳ ಸಂಕೇತಗಳನ್ನು ಅನುವಾದಿಸುವ, ಒಳಗೆ ಸರ್ಕ್ಯೂಟ್ ಬೋರ್ಡ್ ಇರುವ ಅಡಾಪ್ಟರುಗಳೂ ಇವೆ. ಅಂಥ ಬೋರ್ಡುಗಳ ಬಗ್ಗೆ ನಂಜನಗೂಡಿಗೆ ಹೇಳಿಕೊಡಬೇಕಾಗಿಲ್ಲ, ಎಟಿ ಅಂಡ್ ಎಸ್ ಎಂಬ ಆಸ್ಟ್ರಿಯಾ ಮೂಲದ ಕಂಪನಿ ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ಅವನ್ನು ತಯಾರಿಸುತ್ತದೆ. ಕಂಪನಿಯು ತನ್ನದೇ ಲೆನ್ಸುಗಳಿಗೆ ಮಾಡಿದ ಅಡಾಪ್ಟರ್ ಕೂಡ ಎಲ್ಲವನ್ನೂ ಕೊಡುತ್ತದೆ ಎನ್ನಲಾಗದು. ನಿಕಾನ್‌ನ ಹಳೆಯ ಡಿ ಮಾದರಿಯ ಲೆನ್ಸುಗಳು ಫೋಕಸ್ಸಿಗೆ ಬಾಡಿಯೊಳಗಿನ ಮೋಟಾರನ್ನು ಅವಲಂಬಿಸುತ್ತಿದ್ದವು, 2018ರ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟಾರ್ ಇರಲಿಲ್ಲ. ಮೂವತ್ತು ವರ್ಷ ಒಂದೇ ಹೆಸರಿಗೆ ನಿಷ್ಠರಾಗಿದ್ದ ಸ್ಟುಡಿಯೋದವರು ಹೊಸ ಬಾಡಿ ಕೊಂಡು, ಹಳೆಯ ಲೆನ್ಸನ್ನು ಪರರ ಲೆನ್ಸಿನಂತೆ ಕೈಯಲ್ಲೇ ತಿರುಗಿಸಬೇಕಾಯಿತು.

ಬಳೆಯ ನಿಖರತೆಯ ವಿಷಯವನ್ನು ಇನ್ನಷ್ಟು ನೋಡಬೇಕು, ಏಕೆಂದರೆ ಕೊಳ್ಳುವವರು ಸಾಮಾನ್ಯವಾಗಿ ಗಮನಿಸದಿರುವುದು ಅದನ್ನೇ. ಲೆಕ್ಕಕ್ಕಿಂತ ದಪ್ಪವಾದ ಬಳೆ ದೂರದ ವಸ್ತುಗಳನ್ನು ಪೂರ್ತಿ ಕಳೆಯುವುದರಿಂದ, ಅಗ್ಗದ ಅಡಾಪ್ಟರ್ ತಯಾರಿಸುವವರು ಮುಂಜಾಗ್ರತೆಯಾಗಿ ಅದನ್ನು ಒಂದಿಷ್ಟು ತೆಳುವಾಗಿಯೇ ಕಡೆಯುತ್ತಾರೆ. ತೆರೆಯ ಮೇಲೆ ನೋಡಿಕೊಂಡು ಫೋಕಸ್ ಮಾಡುವವನಿಗೆ ಇದರಿಂದ ನಷ್ಟವಿಲ್ಲ, ಲೆನ್ಸಿನ ಮೇಲೆ ಕೊರೆದಿರುವ ಮೀಟರ್ ಅಂಕಿಗಳನ್ನು ನಂಬಿದವನಿಗೆ ಮಾತ್ರ ನಷ್ಟ. ನಂಜನಗೂಡಿನ ದೊಡ್ಡ ಜಾತ್ರೆಯ ಬೆಳಗ್ಗೆ ಗಣಪತಿಯಿಂದ ಚಂಡಿಕೇಶ್ವರನವರೆಗೆ ಐದು ತೇರುಗಳು ರಥಬೀದಿಯಲ್ಲಿ ಹೊರಡುವಾಗ, ಜನ ಹಣ್ಣು ಜವನ ಎಸೆಯುತ್ತ ನುಗ್ಗುವಾಗ, ಫೋಕಸ್ಸಿಗೆ ಪುರುಸೊತ್ತು ಸಿಗುವುದಿಲ್ಲ. ಹಳಬರು 28 ಮಿಲಿಮೀಟರ್ ಲೆನ್ಸಿನ ಕಿಂಡಿಯನ್ನು ಎಫ್8ಕ್ಕೆ ಇಳಿಸಿ, ದೂರವನ್ನು 3.3 ಮೀಟರಿಗೆ ಕಟ್ಟಿ, ಒಂದೂಮುಕ್ಕಾಲು ಮೀಟರಿನಿಂದ ಆಕಾಶದವರೆಗೆ ಎಲ್ಲವೂ ಚೂಪಾಗಿರುವುದೆಂಬ ಭರವಸೆಯ ಮೇಲೆ ಕಣ್ಣಿಗೆ ಕ್ಯಾಮೆರಾ ಹಿಡಿಯದೆಯೂ ತೆಗೆಯುತ್ತಿದ್ದರು. ಬಳೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳುವಾಗಿದ್ದರೂ ಸಾಕು, 3.3 ಎಂದು ತೋರಿಸುವಲ್ಲಿ ಲೆನ್ಸ್ ನಿಜವಾಗಿ ನೋಡುತ್ತಿರುವುದು ಸುಮಾರು ಐದೂವರೆ ಮೀಟರಿನಾಚೆಗೆ. ಹಗ್ಗ ಹಿಡಿದು ಮುಂದೆ ಬರುತ್ತಿರುವವನ ಮುಖ ಮಸುಕಾಗಿ, ಅವನ ಹಿಂದಿನ ತೇರಿನ ಗಾಲಿ ಮಾತ್ರ ಅಂಕುಡೊಂಕು ಗೀರುಗಳ ಸಮೇತ ಸ್ಪಷ್ಟವಾಗುತ್ತದೆ. ತೆಗೆದವನು ಲೆನ್ಸನ್ನು ಬೈಯುತ್ತಾನೆ. ಮೈಕ್ರೋಮೀಟರ್ ಹಿಡಿದು ಕೆಲಸ ಮಾಡುವ ಒಬ್ಬ ಟರ್ನರ್ ಇದಕ್ಕಿಂತ ನಿಖರವಾದ ಬಳೆಯನ್ನು ಯಾವುದೇ ಒಳ್ಳೆಯ ಲೇತ್‌ನಲ್ಲಿ ಮಾಡಿಕೊಡಬಲ್ಲ.

ಲೇತ್‌ನ ಮಾತು ಸೋಮನಾಥಪುರದ ಒಳಗೆ ಕರೆದೊಯ್ಯುತ್ತದೆ. ಅಲ್ಲಿಯ ಕಂಬಗಳೂ ತಿರುಗಣೆಗೆ ಹಾಕಿ ಕಡೆದವುಗಳೇ, ಅವುಗಳ ಮೈಯ ಉಂಗುರಗಳು ಅದನ್ನು ಮರೆಮಾಚುವುದಿಲ್ಲ. 1258ರಲ್ಲಿ ಪ್ರತಿಷ್ಠೆಗೊಂಡು, 2023ರಲ್ಲಿ ಬೇಲೂರು ಹಳೇಬೀಡುಗಳೊಂದಿಗೆ ಯುನೆಸ್ಕೋ ಪಟ್ಟಿಗೆ ಸೇರಿದ ಈ ದೇವಾಲಯದ ಒಳಗೆ ಬೆಳಕು ಬಾಗಿಲಿನಿಂದ ಮತ್ತು ಜಾಲಂಧ್ರಗಳಿಂದ ಮಾತ್ರ ಬರುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಮುಕ್ಕಾಲಿ ಬಳಸುವಂತಿಲ್ಲ. ಇಂಥಲ್ಲಿ ಕ್ಯಾಮೆರಾದ ಜೊತೆಗೇ ಬರುವ ಸಾಮಾನ್ಯ ಜೂಮ್ ಲೆನ್ಸಿನ ಎಫ್5.6 ಕಿಂಡಿಗಿಂತ, ಹಳೆಯ 50 ಮಿಲಿಮೀಟರ್ ಲೆನ್ಸಿನ ಎಫ್1.4 ಕಿಂಡಿ 16 ಪಟ್ಟು ಬೆಳಕನ್ನು ಒಳಬಿಡುತ್ತದೆ. ಕಂಬಕ್ಕೆ ಭುಜ ಆನಿಸಿ, ಮೇಲೆ ಛತ್ತಿನಿಂದ ಇಳಿಬಿದ್ದ ಬಾಳೆಮೊಗ್ಗಿನಾಕಾರದ ಶಿಲ್ಪದತ್ತ ಲೆನ್ಸ್ ಎತ್ತಿ, ಹಿಂದಿನ ತೆರೆಯ ಮೇಲೆ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿಕೊಂಡು, ದಪ್ಪ ಗ್ರೀಸಿನಲ್ಲಿ ಮಿಸುಕುವ ಬಳೆಯನ್ನು ಕೂದಲಿನಷ್ಟು ತಿರುಗಿಸಿದರೆ, ಮೊಗ್ಗಿನ ತುದಿಯ ಎಸಳು ಮೊದಲು ಸ್ಪಷ್ಟವಾಗುತ್ತದೆ, ಇನ್ನಷ್ಟು ತಿರುಗಿಸಿದರೆ ಅದು ಕರಗಿ ಅದರ ಮೇಲಿನ ವೃತ್ತದ ಎಸಳುಗಳು ತಲೆಯೆತ್ತುತ್ತವೆ. ಮೂರು ಮೀಟರ್ ದೂರದಲ್ಲಿ ಈ ಕಿಂಡಿಗೆ ದಕ್ಕುವ ಸ್ಪಷ್ಟತೆಯ ಆಳ ಒಂದಡಿಯಷ್ಟೇ ಆದುದರಿಂದ, ಯಾವ ಎಸಳನ್ನು ಉಳಿಸಿ ಯಾವುದನ್ನು ಬಿಡಬೇಕೆಂದು ತೆಗೆಯುವವನೇ ನಿರ್ಧರಿಸಬೇಕಾಗುತ್ತದೆ; ಆಟೋಫೋಕಸ್ ಈ ನಿರ್ಧಾರವನ್ನು ಯಾರನ್ನೂ ಕೇಳದೆ ಮಾಡಿಬಿಡುತ್ತದೆ. ಬಾಡಿಯೊಳಗೆ ಅಲುಗಾಟ ತಡೆಯುವ ವ್ಯವಸ್ಥೆಯಿದ್ದರೆ ಲೆನ್ಸ್ 50 ಮಿಲಿಮೀಟರಿನದು ಎಂದು ಅದಕ್ಕೆ ಕೈಯಾರೆ ತಿಳಿಸಬೇಕು, ಇಲ್ಲವಾದರೆ ಅದು ತಪ್ಪು ಲೆಕ್ಕದಲ್ಲಿ ಸೆನ್ಸರನ್ನು ಅಲುಗಿಸಿ ಇದ್ದ ಸ್ಪಷ್ಟತೆಯನ್ನೂ ಕೆಡಿಸುತ್ತದೆ. ಬಾಗಿಲಿನ ಬೆಳಕು ನೇರವಾಗಿ ಬಿದ್ದಾಗ ಹಳೆಯ ಲೇಪನದ ಗಾಜಿನಲ್ಲಿ ಹಾಲು ಚೆಲ್ಲಿದಂಥ ಮಬ್ಬು ಏಳುವುದುಂಟು, ಅಂಗೈ ಅಡ್ಡ ಹಿಡಿದರೆ ಅದು ಹೋಗುತ್ತದೆ. ಅಡಾಪ್ಟರಿನ ಮೂಲಕ ಲೆನ್ಸ್ ಬಳಸುವವರಿಗೆ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ: ಶಿಲ್ಪಗಳು ಅಲುಗಾಡುವುದಿಲ್ಲ, ಹೊತ್ತು ಕೊಡುತ್ತವೆ.

ಹಕ್ಕಿಗಳು ಹೊತ್ತು ಕೊಡುವುದಿಲ್ಲ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳಿಗಾಗಿ ಅಗ್ಗದ 500 ಮಿಲಿಮೀಟರ್ ಕನ್ನಡಿ ಲೆನ್ಸನ್ನು ರಿಂಗಿನೊಂದಿಗೆ ತರಿಸಿಕೊಂಡವರು ಬಹುಬೇಗ ಇದನ್ನು ಕಲಿಯುತ್ತಾರೆ. ಇಂಥ ಲೆನ್ಸುಗಳಿಗೆ ಇರುವ ಟಿ ಮೌಂಟ್ ಎಂಬ ತಿರುಪನ್ನು ಟ್ಯಾಮ್ರಾನ್ ಕಂಪನಿ 1957ರಲ್ಲಿಯೇ ರೂಪಿಸಿತು. ಅದರ ಫ್ಲ್ಯಾಂಜ್ ದೂರವನ್ನು 55 ಮಿಲಿಮೀಟರಿಗೆ ಇಟ್ಟುದರಿಂದ ಆ ಕಾಲದ ಕನ್ನಡಿ ಕ್ಯಾಮೆರಾಗಳಿಗೆಲ್ಲ ಅದು ಹೊಂದುತ್ತಿತ್ತು. ಅದರ ವ್ಯಾಸವೂ ಎಂ42ರಂತೆ 42 ಮಿಲಿಮೀಟರೇ, ಆದರೆ ತಿರುಪಿನ ಸುತ್ತಿನಿಂದ ಸುತ್ತಿಗೆ ಅಂತರ ಎಂ42ರಲ್ಲಿ 1 ಮಿಲಿಮೀಟರ್, ಟಿ ಮೌಂಟಿನಲ್ಲಿ 0.75; ಒಂದರ ರಿಂಗಿಗೆ ಇನ್ನೊಂದನ್ನು ತಿರುಗಿಸಿದರೆ ಅರ್ಧ ಸುತ್ತು ಸಲೀಸಾಗಿ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಬಲ ಹಾಕುವವನು ಎರಡನ್ನೂ ಕಳೆದುಕೊಳ್ಳುತ್ತಾನೆ. ಹೇಗೋ ಸರಿಯಾಗಿ ಕೂರಿಸಿದರೂ ಕನ್ನಡಿ ಲೆನ್ಸಿನ ಕಿಂಡಿ ಎಫ್8ರಿಂದ ಅಲುಗದು, ನೀರಿನ ಮೇಲಿನ ಮಿಂಚೆಲ್ಲ ಉದ್ದಿನವಡೆಗಳಾಗಿ ಮೂಡುತ್ತದೆ, ಹೆಬ್ಬಾತುಗಳ ಹಿಂಡು ಎದ್ದಾಗ ಕೈಯಿಂದ ಫೋಕಸ್ ಬೆನ್ನಟ್ಟುವುದು ಅಸಾಧ್ಯಕ್ಕೆ ಸಮೀಪ. ಹಾರುವ ಹಕ್ಕಿ ಬೇಕಾದವರು ರಿಂಗಿನ ಆಸೆ ಬಿಟ್ಟು, ತಮ್ಮ ಬಾಡಿಯ ಕಂಪನಿಯದೇ ಆದ ಸೆಕೆಂಡ್ ಹ್ಯಾಂಡ್ ಲೆನ್ಸಿಗೆ ಹಣ ಕೂಡಿಡುವುದು ಮೇಲು.

ಮಿರರ್‌ಲೆಸ್ ಕ್ಯಾಮೆರಾಗಳು ಹಳೆಯ ಲೆನ್ಸುಗಳಿಗೆ ಬಾಗಿಲು ತೆರೆದವಾದರೂ, ಅವುಗಳಿಗೆಂದೇ ಈಗ ತಯಾರಾಗುತ್ತಿರುವ ಲೆನ್ಸುಗಳ ಜಾತಕ ಬೇರೆ. 18 ಮಿಲಿಮೀಟರ್ ಫ್ಲ್ಯಾಂಜ್ ದೂರಕ್ಕೆ ಮಾಡಿದ ಸೋನಿ ಲೆನ್ಸು ಎರಡು ಮಿಲಿಮೀಟರಿನ ಬಳೆಯ ಮೂಲಕ ನಿಕಾನ್ ಝಡ್ ಮೇಲೆ ಕೂರುತ್ತದೆ, ಅಂಥ ಬಳೆ ಮಾರಾಟಕ್ಕೂ ಇದೆ. ಆದರೆ 16 ಮಿಲಿಮೀಟರಿಗೆ ಮಾಡಿದ ನಿಕಾನ್ ಝಡ್ ಲೆನ್ಸಿಗೆ ಸೋನಿ, ಫ್ಯೂಜಿ, ಕ್ಯಾನನ್ ಯಾವುದರ ಮೇಲೂ ಜಾಗವಿಲ್ಲ, ಏಕೆಂದರೆ ಅದಕ್ಕಿಂತ ಗಿಡ್ಡ ದೂರದ ಮನೆ ಈ ಸಾಲಿನಲ್ಲೇ ಇಲ್ಲ. ಜಾಗ ಸಿಕ್ಕರೂ ಪ್ರಯೋಜನವಾಗದು. ಈ ಲೆನ್ಸುಗಳಲ್ಲಿ ಬಹುಪಾಲಿನ ಫೋಕಸ್ ಬಳೆ ಗಾಜಿಗೆ ನೇರವಾಗಿ ಜೋಡಣೆಯಾಗಿರದೆ ಒಳಗಿನ ಮೋಟಾರಿಗೆ ಸೂಚನೆ ಕೊಡುವ ಗುಂಡಿಯಷ್ಟೇ ಆಗಿರುವುದರಿಂದ, ಬಾಡಿಯಿಂದ ವಿದ್ಯುತ್ ಬರದಿದ್ದರೆ ಅದನ್ನು ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ. ತಿ. ನರಸೀಪುರದ ಸ್ಟುಡಿಯೋವೊಂದು ಈ ವರ್ಷದ ಮದುವೆಗಳಿಗೆಂದು ಸಾಲ ಮಾಡಿ ಕೊಳ್ಳುವ ಲೆನ್ಸ್, ಗಾಜಿನ ಗುಣದಲ್ಲಿ ಹೀಲಿಯೋಸನ್ನು ಎಲ್ಲ ರೀತಿಯಲ್ಲೂ ಮೀರಿಸುತ್ತದೆ. ಅದರ ಕಂಪನಿ ಆ ಮೌಂಟನ್ನು ಕೈಬಿಟ್ಟ ದಿನ, ಯಾವ ಟರ್ನರನೂ ಅದಕ್ಕೆ ಬಳೆ ಕಡೆದುಕೊಡಲಾರ.